ಹಿಂದಿನ ಬಾಗಿಲಿಗೆ ಬೀಗ ಹಾಕಿದ ಸ್ಕೂಲ್ ಬಸ್: ಎಷ್ಟು ಹೆದರಬೇಕು, ಯಾರನ್ನು ಏನು ಕೇಳಬೇಕು?

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ, ಮಗ ಒಂದನೇ ತರಗತಿ. ಇಬ್ಬರೂ ಒಂದೇ ಸ್ಕೂಲ್ ಬಸ್ಸಿನಲ್ಲಿ ಹೋಗುತ್ತಾರೆ. ಮೊನ್ನೆ ಮಗ ಬಿಟ್ಟುಬಂದ ನೀರಿನ ಬಾಟಲಿ ಹುಡುಕೋಕೆ ಬಸ್ ಹತ್ತಿದ್ದೆ. ಕೊನೆಯ ಸಾಲಿನ ಹಿಂದೆ ತುರ್ತು ಬಾಗಿಲು ಇದೆ. ಅದರ ಮುಂದೆ ಬ್ಯಾಗುಗಳ ರಾಶಿ, ಜೊತೆಗೆ ಒಂದು ಸ್ಟೆಪ್ನಿ ಟೈರು. ಹಿಡಿಕೆಗೆ ಪುಟ್ಟ ಬೀಗ. ಡ್ರೈವರನ್ನು ಕೇಳಿದರೆ, 'ಮಕ್ಕಳು ಸುಮ್ನೆ ಎಳೀತಾರೆ ಮೇಡಂ, ಓಡೋವಾಗ ಬಾಗಿಲು ತೆರೆದುಕೊಂಡರೆ ಏನು ಗತಿ? ಕೀ ನನ್ನ ಹತ್ರಾನೇ ಇದೆ' ಅಂದರು. ಶಾಲೆಯವರು 'ಬಸ್ಸಿಗೆ ಎಲ್ಲಾ ಸರ್ಟಿಫಿಕೇಟ್ ಇದೆ' ಅಂತ ಮಾತು ಮುಗಿಸಿದರು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಬೆಂಕಿ ಹತ್ತಿದರೆ ಬಸ್ ಸ್ಫೋಟ ಆಗುತ್ತದಾ? ಸೀಟ್ ಬೆಲ್ಟ್ ಹಾಕಿಕೊಂಡ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನೋದು ನಿಜವಾ? ಮಗಳ ಬ್ಯಾಗಿನಲ್ಲಿ ಗಾಜು ಒಡೆಯುವ ಸುತ್ತಿಗೆ ಇಟ್ಟು ಕಳಿಸಲಾ? ಇಲ್ಲಾ, ಬಸ್ ಬಿಡಿಸಿ ನಾನೇ ಸ್ಕೂಟರಿನಲ್ಲಿ ಬಿಟ್ಟು ಬರಲಾ?

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು, ಆದರೆ ಭಯ ಒಂದೇ. ಏನಾದರೂ ಆದಾಗ ಮಕ್ಕಳು ಒಳಗೇ ಉಳಿದುಬಿಟ್ಟರೆ? ಬಸ್ಸುಗಳ ತಪಾಸಣೆ ಮತ್ತು ಡ್ರೈವರುಗಳ ತರಬೇತಿ ನನ್ನ ಕೆಲಸ. ಈ ಭಯದಲ್ಲಿ ಒಂದು ಭಾಗ ಪೂರ್ತಿ ನ್ಯಾಯವಾದದ್ದು, ಇನ್ನೊಂದು ಭಾಗ ಸಿನಿಮಾ ನೋಡಿ ಬಂದದ್ದು. ಎರಡನ್ನೂ ಬೇರೆ ಮಾಡೋಣ.

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನೀವು ನಾಳೆ ಬೆಳಿಗ್ಗೆಯೇ ಅದನ್ನು ಮಾಡಿಬಿಡಬಹುದು. ದಯವಿಟ್ಟು ಅವಸರದಲ್ಲಿ ಬಸ್ ಬಿಡಿಸಬೇಡಿ. ಬಸ್ಸಿಗೆ ತೂಕ ಇದೆ, ಎತ್ತರ ಇದೆ. ಕಾರು ಗುದ್ದಿದರೂ ಪೆಟ್ಟು ಬಹುತೇಕ ಮಕ್ಕಳ ಕಾಲಿನ ಕೆಳಗಿನ ಮಟ್ಟಕ್ಕೆ ಬೀಳುತ್ತದೆ. ಶಾಲೆಗೆ ಕಾರಿನಲ್ಲಿ ಹೋಗುವ ಮಗುವಿಗಿಂತ ಸ್ಕೂಲ್ ಬಸ್ಸಿನಲ್ಲಿ ಹೋಗುವ ಮಗು ಸುರಕ್ಷಿತವಾಗಿ ತಲುಪುವ ಸಾಧ್ಯತೆ ಸುಮಾರು 70 ಪಟ್ಟು ಜಾಸ್ತಿ ಅಂತ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಹೇಳುತ್ತದೆ. ಅಲ್ಲಿನ ಬಸ್ಸುಗಳ ಗಟ್ಟಿತನ, ನಿಯಮ ಬೇರೆ, ಆ ಅಂಕಿಯನ್ನು ಎಲ್ಲಾ ಕಡೆಗೂ ಹಾಗೇ ಎತ್ತಿ ಹಾಕೋಕೆ ಆಗಲ್ಲ. ಆದರೂ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ದಿನಾ ಟ್ರಾಫಿಕ್ಕಿನಲ್ಲಿ ಹೋಗುವ ಸ್ಕೂಟರಿಗಿಂತ ಬಸ್ಸೇ ವಾಸಿ. ನೀವು ಕಂಡದ್ದು ಬಸ್ ಬಿಡಿಸೋಕೆ ಕಾರಣ ಆಗಬೇಕಿಲ್ಲ. ಆ ಬಸ್ಸನ್ನು ಸರಿಮಾಡಿಸೋಕೆ ಕಾರಣ ಆಗಬೇಕು.

ಈಗ ಬೀಗ. ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಕಳವಳ ತಂದದ್ದು ಇದೇ.

ಡ್ರೈವರ್ ಹೇಳಿದ್ದು ನೆಪ ಅಲ್ಲ, ಅವರ ಭಯವೂ ನಿಜವೇ. ಬಸ್ ಓಡುವಾಗ ಹಿಂದಿನ ಬಾಗಿಲು ತೆರೆದುಕೊಂಡು ಮಗು ಬಿದ್ದರೆ ಜೈಲಿಗೆ ಹೋಗುವವರು ಅವರೇ. ಹಿಡಿಕೆ ಎಳೆಯುವ ತುಂಟರು ಎಲ್ಲಾ ಬಸ್ಸಿನಲ್ಲೂ ಇರುತ್ತಾರೆ. ಆದರೆ ಬಸ್ ಕಟ್ಟುವವರಿಗೆ ಈ ಸಮಸ್ಯೆ ಹೊಸದಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ಬಝರ್. ಹಿಡಿಕೆ ಮುಚ್ಚಿದ ಜಾಗದಿಂದ ಸರಿದರೆ ಸಾಕು, ಡ್ರೈವರ್ ಸೀಟಿನಲ್ಲೂ ಬಾಗಿಲ ಬಳಿಯೂ ಕಿರ್ ಅಂತ ಶಬ್ದ ಬರುತ್ತದೆ. ಹಿಡಿಕೆಯ ಮೇಲೆ ಒಂದು ಮುಚ್ಚಳ ಅಥವಾ ಗಾರ್ಡ್ ಇದ್ದರೆ ಆಕಸ್ಮಿಕವಾಗಿ ಕೈ ತಗಲುವುದೂ ತಪ್ಪುತ್ತದೆ. ಅಮೆರಿಕದ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಸ್ಕೂಲ್ ಬಸ್ಸಿನ ಯಾವುದೇ ತುರ್ತು ದಾರಿಗೆ ಬೀಗ ಬಿದ್ದಿದ್ದರೆ ಎಂಜಿನ್ನೇ ಸ್ಟಾರ್ಟ್ ಆಗಬಾರದು. ರಾತ್ರಿ ಬಸ್ ನಿಲ್ಲಿಸುವಾಗ ಕಳ್ಳರ ಭಯಕ್ಕೆ ಬೀಗ ಹಾಕಿಕೊಳ್ಳಲಿ, ಯಾರೂ ಬೇಡ ಅನ್ನಲ್ಲ. ಬೆಳಿಗ್ಗೆ ಅದನ್ನು ತೆಗೆಯೋದು ಮರೆತರೆ ಬಸ್ ಮುಂದಕ್ಕೆ ಹೋಗಲ್ಲ, ಅಷ್ಟೇ. ಮನುಷ್ಯನ ನೆನಪನ್ನು ನಂಬಿಕೊಳ್ಳದ ಇಂಥ ಏರ್ಪಾಡು ನನಗೆ ತುಂಬಾ ಹಿಡಿಸುತ್ತದೆ.

'ಕೀ ನನ್ನ ಹತ್ರಾನೇ ಇದೆ' ಅನ್ನೋ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಹಿಂದಿನ ಬಾಗಿಲು ಬೇಕಾಗುವುದು ಯಾವಾಗ? ಮುಂದಿನ ಬಾಗಿಲು ಕೈಕೊಟ್ಟಾಗ. ಅದು ಕೈಕೊಡುವುದು ಮುಂದಿನಿಂದ ಗುದ್ದಿದಾಗ, ಇಲ್ಲಾ ಎಂಜಿನ್ ಕಡೆ ಬೆಂಕಿ ಎದ್ದಾಗ. ಆಗ ಎಲ್ಲರಿಗಿಂತ ಮೊದಲು ಪೆಟ್ಟಾಗುವ ಸಾಧ್ಯತೆ ಇರುವುದು ಡ್ರೈವರಿಗೇ. ಅವರಿಗೆ ಪ್ರಜ್ಞೆ ಇದೆ ಅಂತಲೇ ಇಟ್ಟುಕೊಳ್ಳಿ. ಗೊಂಚಲಿನಿಂದ ಸರಿಯಾದ ಕೀ ಹುಡುಕಬೇಕು. ಮಕ್ಕಳು ತುಂಬಿದ ನಡುದಾರಿಯಲ್ಲಿ ಅವರ ಎದುರು ದಿಕ್ಕಿಗೆ ನುಗ್ಗಿ ಹಿಂದಕ್ಕೆ ಹೋಗಬೇಕು. ಹೊಗೆಯಲ್ಲಿ ತಡಕಾಡಿ ಬೀಗ ತೆಗೆಯಬೇಕು. ಟೈರು, ಬ್ಯಾಗು ಸರಿಸಬೇಕು. ಆಮೇಲೆ ಬಾಗಿಲು.

ಇದು ಬರೀ ಊಹೆಯಲ್ಲ. 1988ರ ಮೇ 14ರಂದು ಅಮೆರಿಕದ ಕೆಂಟಕಿ ರಾಜ್ಯದ ಕ್ಯಾರಲ್ಟನ್ ಹತ್ತಿರ, ಹಳೆಯ ಸ್ಕೂಲ್ ಬಸ್ಸೊಂದರಲ್ಲಿ ಚರ್ಚಿನ ಮಕ್ಕಳು ಪ್ರವಾಸ ಮುಗಿಸಿ ವಾಪಸು ಬರುತ್ತಿದ್ದರು. ಕುಡಿದವನೊಬ್ಬ ಎದುರು ದಿಕ್ಕಿನಿಂದ ಪಿಕಪ್ ಓಡಿಸಿಕೊಂಡು ಬಂದು ಗುದ್ದಿದ. ಡೀಸೆಲ್ ಅಲ್ಲ, ಪೆಟ್ರೋಲ್ ಬಸ್ಸು ಅದು. ಟ್ಯಾಂಕ್ ಒಡೆದು ಮುಂದಿನ ಬಾಗಿಲ ಕಡೆಯೇ ಬೆಂಕಿ ಹತ್ತಿತು. ಉಳಿದ ದಾರಿ ಹಿಂದಿನ ತುರ್ತು ಬಾಗಿಲು ಒಂದೇ. ನಡುದಾರಿ ಕಿರಿದು, ಬಾಗಿಲ ಹತ್ತಿರ ತಂಪು ಪಾನೀಯದ ಪೆಟ್ಟಿಗೆಯೊಂದು ಅಡ್ಡ. ಬಸ್ಸಿನಲ್ಲಿದ್ದ 67 ಜನರಲ್ಲಿ 27 ಮಂದಿ ಸತ್ತರು. ಅದರಲ್ಲಿ ಒಬ್ಬರೂ ಡಿಕ್ಕಿಯ ಪೆಟ್ಟಿಗೆ ಸತ್ತವರಲ್ಲ. ಹೊಗೆ ಮತ್ತು ಬೆಂಕಿ ಕೊಂದದ್ದು. ಅಂದರೆ ಹೊರಗೆ ಬಂದಿದ್ದರೆ ಉಳಿಯುತ್ತಿದ್ದರು.

ಮರುವರ್ಷ, 1989ರ ಸೆಪ್ಟೆಂಬರ್‌ನಲ್ಲಿ, ಟೆಕ್ಸಾಸ್‌ನ ಆಲ್ಟನ್‌ನಲ್ಲಿ ಲಾರಿ ಗುದ್ದಿದ ಸ್ಕೂಲ್ ಬಸ್ ನೀರು ತುಂಬಿದ ಕ್ವಾರಿ ಗುಂಡಿಗೆ ಬಿತ್ತು. 81 ವಿದ್ಯಾರ್ಥಿಗಳಲ್ಲಿ 21 ಮಂದಿ ಹೊರಬರಲಾಗಲಿಲ್ಲ. ಈ ಎರಡು ಘಟನೆಗಳ ನಂತರ 1992ರಲ್ಲಿ ಅಲ್ಲಿನ ನಿಯಮವೇ ಬದಲಾಯಿತು. ಬಸ್ಸಿನಲ್ಲಿ ಸೀಟು ಹೆಚ್ಚಿದಂತೆ ತುರ್ತು ದಾರಿಗಳೂ ಹೆಚ್ಚಬೇಕು ಅಂತ ಆಯಿತು. ಕೆಂಟಕಿ ತನ್ನ ಸ್ಕೂಲ್ ಬಸ್ಸುಗಳಿಗೆ ಒಂಬತ್ತು ದಾರಿ ಬೇಕು ಅಂತ ಮಾಡಿತು: ಮುಂದೊಂದು ಬಾಗಿಲು, ಹಿಂದೊಂದು, ಪಕ್ಕದಲ್ಲೊಂದು, ಹೊರಕ್ಕೆ ತಳ್ಳಬಹುದಾದ ನಾಲ್ಕು ಕಿಟಕಿ, ಚಾವಣಿಯಲ್ಲಿ ಎರಡು.

ತೀರಾ ಹತ್ತಿರದ ಉದಾಹರಣೆ ಥಾಯ್ಲೆಂಡಿನದು. 2024ರ ಅಕ್ಟೋಬರ್ 1ರಂದು ಬ್ಯಾಂಕಾಕ್ ಹೊರವಲಯದಲ್ಲಿ ಶಾಲಾ ಪ್ರವಾಸದ ಬಸ್ಸಿಗೆ ಬೆಂಕಿ ಬಿದ್ದು 20 ಮಕ್ಕಳು, 3 ಶಿಕ್ಷಕರು ತೀರಿಕೊಂಡರು. ಆ ಬಸ್ಸಿನಲ್ಲಿ ಅನುಮತಿಗಿಂತ ಜಾಸ್ತಿ ಗ್ಯಾಸ್ ಸಿಲಿಂಡರ್‌ಗಳನ್ನು ಜೋಡಿಸಿದ್ದು ತನಿಖೆಯಲ್ಲಿ ಹೊರಬಿತ್ತು.

ಇದನ್ನು ಹೇಳಿದ್ದು ನಿಮ್ಮ ಶಾಲೆಯವರ 'ಸರ್ಟಿಫಿಕೇಟ್' ಮಾತಿಗಾಗಿ. ಸರ್ಟಿಫಿಕೇಟ್ ಸುಳ್ಳಲ್ಲ. ಅದು ತಪಾಸಣೆಯ ದಿನ ಬಸ್ ಹೇಗಿತ್ತು ಅಂತ ಹೇಳುತ್ತದೆ. ಬೀಗ, ಟೈರು, ಬ್ಯಾಗಿನ ರಾಶಿ, ಬಾಗಿಲಿಗೆ ಅಡ್ಡವಾಗಿ ಕೂರಿಸಿದ ಎಕ್ಸ್‌ಟ್ರಾ ಸೀಟು, ಇವೆಲ್ಲ ಬರುವುದು ಆ ದಿನ ಕಳೆದ ಮೇಲೆ. ಅದಕ್ಕೇ ನಾನು ತಪಾಸಣೆಗೆ ಹೋದಾಗ ಕಾಗದ ಆಮೇಲೆ ನೋಡುತ್ತೇನೆ. ಮೊದಲು ಕೊನೆಯ ಸೀಟಿನ ತನಕ ನಡೆದು ಹಿಂದಿನ ಹಿಡಿಕೆ ಎಳೆಯುತ್ತೇನೆ. ಹಲವು ಬಸ್ಸುಗಳಲ್ಲಿ ಹಿಡಿಕೆ ತಿರುಗುತ್ತದೆ, ಬಾಗಿಲು ಮಾತ್ರ ಕದಲುವುದಿಲ್ಲ. ರಬ್ಬರ್ ಬೀಡಿಂಗ್ ಬಿಸಿಲಿಗೆ ಕರಗಿ ಚೌಕಟ್ಟಿಗೆ ಅಂಟಿರುತ್ತದೆ, ಕೀಲು ತುಕ್ಕು ಹಿಡಿದಿರುತ್ತದೆ, ಇಲ್ಲಾ ಬಣ್ಣ ಹೊಡೆಯುವಾಗ ಸಂದಿಯ ಮೇಲೂ ಬಳಿದಿರುತ್ತಾರೆ. ಬೀಗ ಇಲ್ಲದಿದ್ದರೂ ಅದು ಬೀಗ ಹಾಕಿದ ಬಾಗಿಲೇ. ದೊಡ್ಡವನಾದ ನಾನು ಭುಜ ಕೊಟ್ಟು ತಳ್ಳಬೇಕಾದ ಬಾಗಿಲನ್ನು ಹನ್ನೆರಡು ವರ್ಷದ ಮಗು ತೆರೆಯುತ್ತದಾ?

ಇನ್ನು ಸ್ಫೋಟ. ಡೀಸೆಲ್ ಬಸ್ಸು ಸಿನಿಮಾದಲ್ಲಿ ತೋರಿಸುವಂತೆ ಢಮ್ ಅಂತ ಹಾರುವುದಿಲ್ಲ. ಡೀಸೆಲ್ ಅಷ್ಟು ಸುಲಭವಾಗಿ ಹತ್ತಿಕೊಳ್ಳುವ ಇಂಧನ ಅಲ್ಲ. ಬೆಂಕಿ ಸಾಮಾನ್ಯವಾಗಿ ಶುರುವಾಗುವುದು ಎಂಜಿನ್ ಗೂಡಿನಲ್ಲಿ, ಕಾದ ಟರ್ಬೋ ಮೇಲೆ ಎಣ್ಣೆಯೋ ಡೀಸೆಲ್ಲೋ ಸೋರಿ. ಇಲ್ಲಾ ವೈರಿಂಗ್ ಶಾರ್ಟ್ ಆಗಿ. ಇಲ್ಲಾ ಬ್ರೇಕ್ ಹಿಡಿದುಕೊಂಡು ಚಕ್ರ ಕಾದು ಟೈರಿಗೆ ಹತ್ತಿ. ಸಿಎನ್‌ಜಿ ಸಿಲಿಂಡರಿಗೆ ಶಾಖ ಏರಿದರೆ ಗ್ಯಾಸನ್ನು ಹೊರಗೆ ಬಿಡುವ ಸುರಕ್ಷತಾ ವಾಲ್ವ್ ಇರುತ್ತದೆ, ಸಿಲಿಂಡರ್ ಸಿಡಿಯದಿರಲಿ ಅಂತ. ಆದರೆ ಹಾಗೆ ಹೊರಬಂದ ಗ್ಯಾಸ್ ಉದ್ದ ಜ್ವಾಲೆಯಾಗಿ ಉರಿಯಬಹುದು. ಎಲೆಕ್ಟ್ರಿಕ್ ಬಸ್ಸಿನ ಬ್ಯಾಟರಿ ಬೆಂಕಿ ಆರಿದ ಹಾಗೆ ಕಂಡು ಮತ್ತೆ ಹತ್ತಿಕೊಳ್ಳುತ್ತದೆ. ಯಾವ ಬಸ್ಸೇ ಆಗಲಿ, ಇಳಿದವರು ದೂರ ಹೋಗಿ ನಿಲ್ಲಬೇಕು ಅನ್ನೋದು ಇದಕ್ಕೇ.

ಕೊಲ್ಲುವುದು ಬಹುತೇಕ ಹೊಗೆ. ಸೀಟಿನ ಫೋಮ್, ರೆಕ್ಸಿನ್, ಪ್ಲಾಸ್ಟಿಕ್ ಉರಿದಾಗ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸೈನೈಡ್ ಅನ್ನೋ ವಿಷಾನಿಲಗಳು ಬರುತ್ತವೆ. ಕೆಲವು ಉಸಿರಿಗೇ ತಲೆ ಕೆಲಸ ಮಾಡುವುದು ನಿಲ್ಲುತ್ತದೆ. ಹೊಗೆ ಮೇಲೆ ಸೇರುತ್ತದೆ, ಕೆಳಗೆ ಸ್ವಲ್ಪ ಹೊತ್ತು ಒಳ್ಳೆಯ ಗಾಳಿ ಇರುತ್ತದೆ. ಸ್ಫೋಟದ ಭಯದಲ್ಲಿ ನಾವು ಒಂದು ಮುಖ್ಯ ವಿಷಯ ಮರೆಯುತ್ತೇವೆ. ಬೆಂಕಿ ಮೊದಲು ವಾಸನೆಯಾಗಿ ಬರುತ್ತದೆ. 'ಏನೋ ಸುಟ್ಟ ವಾಸನೆ' ಅಂತ ಮಗುವೊಂದು ಹೇಳಿದಾಗ ಡ್ರೈವರ್ 'ಹೊರಗಿಂದ ಬರ್ತಿದೆ ಬಿಡು' ಅಂತ ಇನ್ನೆರಡು ಸ್ಟಾಪ್ ಓಡಿಸಿದರೆ, ಸಿಗಬಹುದಾಗಿದ್ದ ಸಮಯ ಅಲ್ಲೇ ಹೋಯಿತು. ನಾನು ತರಬೇತಿಯಲ್ಲಿ ಹೇಳುವ ಕ್ರಮ ಇದು: ನಿಲ್ಲಿಸು, ಎಂಜಿನ್ ಆಫ್ ಮಾಡು, ಹ್ಯಾಂಡ್ ಬ್ರೇಕ್ ಹಾಕು, ಮಕ್ಕಳನ್ನು ಇಳಿಸು. ಬೆಂಕಿ ಆರಿಸುವ ಸಿಲಿಂಡರ್ ಕೈಗೆತ್ತಿಕೊಳ್ಳುವುದು ಕೊನೆಯ ಮಗು ಇಳಿದ ಮೇಲೆ, ಇಲ್ಲಾ ಇಳಿಯುವ ದಾರಿಗೇ ಬೆಂಕಿ ಅಡ್ಡ ಬಂದಾಗ ಮಾತ್ರ.

ಇಳಿಸುವವರಿಗೆ ಶಕ್ತಿ ಇದೆಯೇ ಅನ್ನೋದೂ ಒಂದು ಪ್ರಶ್ನೆ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಅಯೋವಾ ರಾಜ್ಯದ ಓಕ್ಲೆಂಡ್‌ನಲ್ಲಿ ಸ್ಕೂಲ್ ಬಸ್ಸೊಂದು ಹಿಂದಕ್ಕೆ ಬರುವಾಗ ಚರಂಡಿಗೆ ಇಳಿದು ಬೆಂಕಿ ಹತ್ತಿತು. ಒಳಗಿದ್ದದ್ದು ಡ್ರೈವರ್ ಮತ್ತು 16 ವರ್ಷದ ಒಬ್ಬ ವಿದ್ಯಾರ್ಥಿನಿ, ಇಬ್ಬರೇ. ಇಬ್ಬರೂ ಉಳಿಯಲಿಲ್ಲ. ಡ್ರೈವರಿಗೆ ತೀವ್ರ ಬೆನ್ನುನೋವು ಇತ್ತು, ಸರ್ಜರಿ ಆಗಬೇಕಿತ್ತು. ತುರ್ತಿನಲ್ಲಿ ಮಕ್ಕಳನ್ನು ಹೊರಗೆ ಕರೆತರುವಷ್ಟು ದೈಹಿಕ ಶಕ್ತಿ ಡ್ರೈವರಿಗೆ ಇದೆಯೇ ಅಂತ ಪರೀಕ್ಷಿಸಬೇಕು ಅನ್ನೋದು ಆ ತನಿಖೆಯಿಂದ ಬಂದ ಶಿಫಾರಸುಗಳಲ್ಲಿ ಒಂದು. ಡ್ರೈವರ್ ಲೈಸೆನ್ಸ್ ನೋಡುವ ನಾವು ಇದನ್ನು ಕೇಳುವುದೇ ಇಲ್ಲ, ಅಲ್ವಾ?

ಬಾಗಿಲು ತೆರೆಯಿತು ಅಂತಿಟ್ಟುಕೊಳ್ಳಿ. ಕೆಲಸ ಮುಗಿಯಲಿಲ್ಲ. ಹಿಂದಿನ ಬಾಗಿಲ ಅಂಚಿನಿಂದ ನೆಲಕ್ಕೆ ಸುಮಾರು ಒಂದು ಮೀಟರ್. ಹೆಚ್ಚುಕಡಿಮೆ ನಿಮ್ಮ ಮಗನ ಕುತ್ತಿಗೆಯ ಮಟ್ಟ ಅದು. ಮಕ್ಕಳು ಅಂಚಿಗೆ ಬಂದು ಕೆಳಗೆ ನೋಡಿ ನಿಂತುಬಿಡುತ್ತಾರೆ. ಒಬ್ಬ ನಿಂತರೆ ಹಿಂದಿನ ಸಾಲೆಲ್ಲ ನಿಂತಿತು. ಧೈರ್ಯ ಮಾಡಿ ಜಿಗಿದವನು ಕಾಲು ಉಳುಕಿಸಿಕೊಂಡು ಅಲ್ಲೇ ಬಿದ್ದರೆ, ಅವನ ಮೇಲೆ ಮುಂದಿನವನು. ಸರಿಯಾದ ರೀತಿ ಇದು: ಮೊದಲು ಇಬ್ಬರು ದೊಡ್ಡ ಮಕ್ಕಳು ಇಳಿದು ಬಾಗಿಲ ಎರಡೂ ಬದಿ ನಿಲ್ಲಬೇಕು. ಉಳಿದವರು ಒಬ್ಬೊಬ್ಬರೇ ಅಂಚಿನಲ್ಲಿ ಕುಳಿತು, ಕಾಲು ಹೊರಗೆ ಬಿಟ್ಟು, ಎರಡೂ ಕೈ ಚಾಚಬೇಕು. ಕೆಳಗಿನವರು ಕೈ ಹಿಡಿಯುತ್ತಾರೆ, ಮಗು ಜಾರಿ ಇಳಿಯುತ್ತದೆ. ಕುಳಿತು, ಚಾಚಿ, ಜಾರು. ಮೂರು ಪದ. ಒಂದೆರಡು ಸಲ ಅಭ್ಯಾಸ ಮಾಡಿದರೆ ಸಾಲು ಸರಸರ ಸಾಗುತ್ತದೆ. ಬ್ಯಾಗು ಸೀಟಿನಲ್ಲೇ ಬಿಡಬೇಕು. ಹೋಮ್‌ವರ್ಕ್ ಸುಡುತ್ತದೆ ಅಂತ ಬ್ಯಾಗು ಹೊತ್ತವನ ಪಟ್ಟಿ ಸೀಟಿನ ಕಂಬಿಗೋ ಬಾಗಿಲ ಹಿಡಿಕೆಗೋ ಸಿಕ್ಕಿಕೊಂಡು ಎಲ್ಲರನ್ನೂ ತಡೆಯುತ್ತದೆ.

ಬಸ್ ಮಗುಚಿದರೆ ಲೆಕ್ಕವೇ ಬದಲಾಗುತ್ತದೆ. ಮುಂದಿನ ಬಾಗಿಲು ಇರುವ ಬದಿ ಕೆಳಕ್ಕಾದರೆ ಆ ಬಾಗಿಲು ನೆಲಕ್ಕೆ ಅಂಟಿತು. ಮಕ್ಕಳು ನಿಲ್ಲುವುದು ಕಿಟಕಿಗಳ ಮೇಲೆ. ಹಿಂದಿನ ಬಾಗಿಲಿನ ಕೀಲು ಮೇಲಕ್ಕೆ ಬಂದರೆ ಬಾಗಿಲು ತನ್ನ ತೂಕಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ಯಾರಾದರೂ ಎತ್ತಿ ಹಿಡಿದೇ ಇರಬೇಕು. ಕೀಲು ಕೆಳಕ್ಕೆ ಬಂದರೆ ತಾನಾಗಿ ಬಿದ್ದು ತೆರೆದಿರುತ್ತದೆ. ಚಾವಣಿಯ ಕಿಂಡಿ ಈಗ ಗೋಡೆಯ ಕಿಂಡಿ, ಪುಟ್ಟ ಮಕ್ಕಳಿಗೆ ಅದೇ ಎಲ್ಲಕ್ಕಿಂತ ಸುಲಭದ ದಾರಿ. ಎಷ್ಟೋ ಶಾಲೆಗಳಲ್ಲಿ ಈ ಕಿಂಡಿಯನ್ನು ಗಾಳಿ ಬರೋಕೆ ಅಂತಲೇ ತಿಳಿದಿರುತ್ತಾರೆ. ಅದರ ಹಿಡಿಕೆ ಪೂರ್ತಿ ತಿರುಗಿಸಿದರೆ ಹೊರಕ್ಕೆ ತೆರೆಯುತ್ತದೆ ಅಂತ ಡ್ರೈವರಿಗೂ ಗೊತ್ತಿರುವುದಿಲ್ಲ.

ಕಿಟಕಿಯ ವಿಷಯ ಸ್ವಲ್ಪ ಗೋಜಲು. ಮಕ್ಕಳು ತಲೆ, ಕೈ ಹೊರಗೆ ಹಾಕಬಾರದು ಅಂತ ಕಂಬಿ ಹಾಕುತ್ತಾರೆ. ಭಾರತದಲ್ಲಿ ಸ್ಕೂಲ್ ಬಸ್ಸಿನ ಕಿಟಕಿಗೆ ಅಡ್ಡ ಕಂಬಿ ಇರಲೇಬೇಕು. ದಿನನಿತ್ಯದ ಮಟ್ಟಿಗೆ ಒಳ್ಳೆಯ ನಿಯಮವೇ. ಆದರೆ ಕಂಬಿ ಇದ್ದ ಕಿಟಕಿಯಿಂದ ಯಾರೂ ಹೊರಗೆ ಬರಲಾರರು, ಒಳಗಿನವರನ್ನು ಎಳೆದುಕೊಳ್ಳಲೂ ಆಗದು. ಹಾಗಾಗಿ ಕಂಬಿ ಇರುವ ಬಸ್ಸಿನಲ್ಲಿ ತುರ್ತು ಬಾಗಿಲಿನ ಬೆಲೆ ಇನ್ನೂ ಜಾಸ್ತಿ. ಕಂಬಿಯೂ ಇದೆ, ಬಾಗಿಲಿಗೆ ಬೀಗವೂ ಇದೆ ಅಂದರೆ ಉಳಿದದ್ದು ಮುಂದಿನ ಬಾಗಿಲು ಒಂದೇ.

ಎಸಿ ಬಸ್ಸಾದರೆ ಗಾಜು ತೆರೆಯುವುದಿಲ್ಲ, ಒಡೆಯಬೇಕು. ಗಾಜಿನಲ್ಲಿ ಎರಡು ಬಗೆ. ಟಫನ್ಡ್ ಗಾಜು ಚೂಪಾದ ಮೊನೆಯಿಂದ ಹೊಡೆದರೆ ಪುಡಿಪುಡಿಯಾಗಿ ಉದುರುತ್ತದೆ. ಹೊಡೆಯಬೇಕಾದದ್ದು ಮೂಲೆಯ ಹತ್ತಿರ, ನಡುವೆ ಹೊಡೆದರೆ ಗಾಜು ಬಳುಕಿ ಪೆಟ್ಟನ್ನು ನುಂಗಿಬಿಡುತ್ತದೆ. ಲ್ಯಾಮಿನೇಟೆಡ್ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಬಿರುಕು ಬಿಡುತ್ತದೆ, ಬೀಳುವುದಿಲ್ಲ. ಮುಂದಿನ ದೊಡ್ಡ ಗಾಜು ಸಾಮಾನ್ಯವಾಗಿ ಈ ಜಾತಿಯದು. ಯಾವುದು ಯಾವ ಬಗೆ ಅಂತ ಗಾಜಿನ ಮೂಲೆಯಲ್ಲಿ ಪುಟ್ಟದಾಗಿ ಅಚ್ಚಾಗಿರುತ್ತದೆ. ಟಫನ್ಡ್ ಗಾಜಿಗೂ ಕಪ್ಪು ಫಿಲ್ಮೋ ದೊಡ್ಡ ಸ್ಟಿಕ್ಕರೋ ಅಂಟಿಸಿದ್ದರೆ ಒಡೆದ ಚೂರುಗಳು ಅದಕ್ಕೇ ಅಂಟಿಕೊಂಡು ಪರದೆಯಂತೆ ನಿಲ್ಲುತ್ತವೆ, ಜೋರಾಗಿ ಹೊರಕ್ಕೆ ತಳ್ಳಬೇಕಾಗುತ್ತದೆ.

ಹಾಗಾಗಿ ಮಗಳ ಬ್ಯಾಗಿನಲ್ಲಿ ಸುತ್ತಿಗೆ ಬೇಡ. ಚೂಪಾದ ವಸ್ತು ಶಾಲೆಯಲ್ಲಿ ಮೊದಲ ದಿನವೇ ಕಿತ್ತುಕೊಳ್ಳುತ್ತಾರೆ, ಅದು ಸರಿಯೂ ಹೌದು. ಗುದ್ದಿದಾಗ ಬ್ಯಾಗು ಎಲ್ಲೋ, ಮಗಳು ಎಲ್ಲೋ. ಸುತ್ತಿಗೆ ಇರಬೇಕಾದದ್ದು ಬಸ್ಸಿನ ಕಿಟಕಿಗಳ ನಡುವೆ, ಗೋಡೆಗೆ ಸಿಕ್ಕಿಸಿದ ಜಾಗದಲ್ಲಿ. ಅಲ್ಲಿ ಸುತ್ತಿಗೆ ಸಿಕ್ಕಿಸುವ ಖಾಲಿ ಕೊಕ್ಕೆ ಮಾತ್ರ ಉಳಿದಿದೆಯೇ ಅಂತ ನೋಡಿ. ಸುತ್ತಿಗೆ ಕಳುವಾಗುವುದು ತುಂಬಾ ಸಾಮಾನ್ಯ.

ಬೆಲ್ಟ್ ಬಗ್ಗೆ ಚಿಕ್ಕ ಉತ್ತರ: ಇದ್ದರೆ ಹಾಕಿಸಿ. ಸಿಕ್ಕಿಹಾಕಿಕೊಳ್ಳುವ ಭಯಕ್ಕಿಂತ, ಬೆಲ್ಟ್ ಇಲ್ಲದೆ ಎಸೆಯಲ್ಪಟ್ಟು ಪ್ರಜ್ಞೆ ತಪ್ಪುವ ಅಪಾಯ ದೊಡ್ಡದು. ಎಚ್ಚರ ಇರುವ ಮಗು ಬಕಲ್ ಒತ್ತಿ ಎದ್ದು ನಡೆಯುತ್ತದೆ, ಪ್ರಜ್ಞೆ ತಪ್ಪಿದ ಮಗುವನ್ನು ಯಾರೋ ಹೊರಬೇಕು. ದೊಡ್ಡ ಸ್ಕೂಲ್ ಬಸ್ಸುಗಳಲ್ಲೂ ಸೊಂಟ ಮತ್ತು ಭುಜದ ಬೆಲ್ಟ್ ಬೇಕು ಅಂತ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2018ರಲ್ಲಿ ರಾಜ್ಯಗಳಿಗೆ ಶಿಫಾರಸು ಮಾಡಿದೆ. ನಿಮ್ಮ ಮಗ ಒಂದೇ ಕೈಯಲ್ಲಿ ಬಕಲ್ ಬಿಚ್ಚುತ್ತಾನಾ ಅಂತ ಪರೀಕ್ಷೆ ಮಾಡಿ. ಡ್ರೈವರ್ ಮತ್ತು ಅಟೆಂಡರ್ ಕೈಗೆಟುಕುವ ಕಡೆ ಬೆಲ್ಟ್ ಕತ್ತರಿಸುವ ಕಟ್ಟರ್ ಇರಲಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ನೀವು ಕೇಳದಿದ್ದರೂ ಹೇಳುತ್ತೇನೆ. ಏನಾದರೂ ಆದ ಕೂಡಲೇ ಇಳಿಯಬೇಕು ಅನ್ನೋದು. ಬಸ್ ಕೆಟ್ಟು ರಸ್ತೆಬದಿ ನಿಂತಿದ್ದರೆ ಬಹಳ ಸಲ ಒಳಗೇ ಕೂತಿರುವುದು ಕ್ಷೇಮ. ವೇಗವಾಗಿ ವಾಹನ ಓಡುವ ರಸ್ತೆಗೆ ಮಕ್ಕಳನ್ನು ಇಳಿಸಿದರೆ ಹೊಸ ಅಪಾಯ ತಂದುಕೊಂಡಂತೆ. ಇಳಿಯಲೇಬೇಕಾದದ್ದು ಬೆಂಕಿ ಅಥವಾ ಹೊಗೆ ಕಂಡಾಗ, ನೀರು ಏರುತ್ತಿರುವಾಗ, ಬಸ್ ಉರುಳುವಂತೆ ವಾಲಿ ನಿಂತಾಗ, ರೈಲು ಹಳಿಯ ಮೇಲೆ ಕೆಟ್ಟು ನಿಂತಾಗ, ಇಲ್ಲಾ ಹಿಂದಿನಿಂದ ಇನ್ನೊಂದು ವಾಹನ ಗುದ್ದುವ ಅಪಾಯ ಇರುವ ತಿರುವಿನಲ್ಲಿ ಸಿಕ್ಕಿಕೊಂಡಾಗ. ಹಳಿಯ ಮೇಲೆ ನಿಂತ ಬಸ್ಸಿನಿಂದ ಇಳಿದವರು ರೈಲು ಬರುವ ದಿಕ್ಕಿಗೇ, ಹಳಿಯಿಂದ ಓರೆಯಾಗಿ ದೂರ ಸರಿಯುತ್ತಾ ನಡೆಯಬೇಕು. ಕೇಳೋಕೆ ವಿಚಿತ್ರ. ಆದರೆ ರೈಲು ಗುದ್ದಿದಾಗ ಬಸ್ಸಿನ ಚೂರುಗಳು ರೈಲು ಹೋಗುವ ದಿಕ್ಕಿಗೆ ಹಾರುತ್ತವೆ. ಕರೆಂಟ್ ತಂತಿ ಬಸ್ಸಿನ ಮೇಲೆ ಬಿದ್ದಿದ್ದರೆ, ಬೆಂಕಿ ಇಲ್ಲದ ಹೊರತು, ಒಳಗೇ ಇರಬೇಕು. ಒಂದು ಕಾಲು ನೆಲದಲ್ಲಿ, ಒಂದು ಕೈ ಬಸ್ಸಿನ ಮೇಲೆ ಇಟ್ಟವರ ಮೈಯಲ್ಲೇ ಕರೆಂಟ್ ಹರಿಯುತ್ತದೆ.

ಇಳಿದ ಮೇಲೆ ಕನಿಷ್ಠ 30 ಮೀಟರ್ ದೂರ, ರಸ್ತೆಯಿಂದ ಆಚೆ, ಹೊಗೆ ತೇಲಿ ಬರದ ಬದಿಗೆ. ಅಲ್ಲಿ ತಲೆ ಎಣಿಕೆ. ಅದಕ್ಕೆ ಅವತ್ತು ಹತ್ತಿದ ಮಕ್ಕಳ ಪಟ್ಟಿ ಅಟೆಂಡರ್ ಜೇಬಿನಲ್ಲಿ ಇರಬೇಕು. ಡ್ಯಾಶ್‌ಬೋರ್ಡಿನಲ್ಲಿ ಇಟ್ಟ ಪಟ್ಟಿ ಬಸ್ಸಿನ ಜೊತೆ ಸುಟ್ಟುಹೋಗುತ್ತದೆ.

ಹಾಗಾದರೆ ನೀವು ಮಾಡಬೇಕಾದದ್ದು ಏನು? ಡ್ರೈವರ್ ಜೊತೆ ಮಾತಾಡಿ ಬೀಗ ತೆಗೆಸುವುದು ಎಲ್ಲಕ್ಕಿಂತ ಬೇಗ ಆಗುವ ಕೆಲಸ. ಆದರೆ ಅದು ನಿಮ್ಮಿಬ್ಬರ ನಡುವಿನ ಮಾತಾಗಿ ಉಳಿಯುತ್ತದೆ. ಮುಂದಿನ ವಾರ ಯಾವನೋ ಹಿಡಿಕೆ ಎಳೆದರೆ ಬೀಗ ವಾಪಸು ಬರುತ್ತದೆ. ಬಝರ್ ಹಾಕಿಸದೆ ಬೀಗ ಮಾತ್ರ ತೆಗೆಸಿದರೆ ಡ್ರೈವರ್ ಹೇಳಿದ ಅಪಾಯ ನಿಜವಾಗಲೂಬಹುದು, ಅದನ್ನೂ ನೆನಪಿಡಿ. ಇನ್ನೊಂದು ತುದಿಯಲ್ಲಿ ಸಾರಿಗೆ ಅಧಿಕಾರಿಗಳಿಗೆ ನೇರ ದೂರು ಇದೆ. ಕೆಲಸ ಆಗುತ್ತದೆ. ಆದರೆ ಬಸ್ ಕೆಲವು ದಿನ ನಿಂತರೆ ಅಷ್ಟೂ ಮಕ್ಕಳು ಕಿಕ್ಕಿರಿದ ವ್ಯಾನು, ಆಟೋಗಳಿಗೆ ಹೋಗುತ್ತಾರೆ. ಆ ದಿನಗಳು ಈಗಿನ ಬಸ್ಸಿಗಿಂತ ಅಪಾಯದವು. ಹಾಗಂತ ಈ ದಾರಿ ಬೇಡ ಅನ್ನಲ್ಲ, ಮೊದಲ ಹೆಜ್ಜೆಯಾಗಿ ಬೇಡ.

ನಾನು ನಿಮ್ಮ ಜಾಗದಲ್ಲಿದ್ದರೆ ನಡುವಿನ ದಾರಿ ಹಿಡಿಯುತ್ತಿದ್ದೆ. ಅದೇ ಬಸ್ಸಿನ ಇನ್ನೂ ಮೂರ್ನಾಲ್ಕು ಪೋಷಕರನ್ನು ಸೇರಿಸಿಕೊಂಡು ಶಾಲೆಗೆ ಬರವಣಿಗೆಯಲ್ಲಿ ಕೊಡಿ. ಡ್ರೈವರನ್ನು ತಪ್ಪಿತಸ್ಥ ಮಾಡಬೇಡಿ, ಅವರ ಭಯವನ್ನೇ ಕಾರಣವಾಗಿ ಬರೆಯಿರಿ: ಬಾಗಿಲು ಆಕಸ್ಮಿಕವಾಗಿ ತೆರೆಯದಿರಲಿ ಅಂತ ಬೀಗ ಹಾಕಿದ್ದಾರೆ, ಆದ್ದರಿಂದ ಬೀಗದ ಬದಲು ಬಝರ್ ಮತ್ತು ಗಾರ್ಡ್ ಹಾಕಿಸಿ. ಟೈರಿಗೂ ಬ್ಯಾಗಿಗೂ ಬೇರೆ ಜಾಗ ಮಾಡಿ, ನಡುದಾರಿ ಮತ್ತು ಬಾಗಿಲ ಮುಂದೆ ಏನೂ ಇರಬಾರದು. ದಿನಾ ಬೆಳಿಗ್ಗೆ ಬಸ್ ಹೊರಡುವ ಮುಂಚೆ ಹಿಂದಿನ ಬಾಗಿಲು ತೆರೆದು ಮುಚ್ಚಿ ಪುಸ್ತಕದಲ್ಲಿ ಸಹಿ ಆಗಲಿ. ಪ್ರತಿ ಟರ್ಮಿಗೆ ಒಮ್ಮೆ, ನಿಂತ ಬಸ್ಸಿನಲ್ಲಿ, ಶಾಲೆಯ ಆವರಣದೊಳಗೆ ಇಳಿಯುವ ಅಭ್ಯಾಸ ನಡೆಯಲಿ. ಅಮೆರಿಕದ ಮಾರ್ಗಸೂಚಿಯಲ್ಲೂ ಸೆಮಿಸ್ಟರಿಗೆ ಒಂದಾದರೂ ಅಭ್ಯಾಸ ಇರಬೇಕು ಅಂತಲೇ ಇದೆ. ಅಭ್ಯಾಸದಲ್ಲಿ ಮಗು ಬಿದ್ದರೆ ಅಂತ ಶಾಲೆಯವರು ಹಿಂಜರಿಯಬಹುದು. ಬಿದ್ದು ಮಂಡಿ ತರಚುವ ಸಾಧ್ಯತೆ ಇದೆ, ಸುಳ್ಳಲ್ಲ. ಕೆಳಗೆ ಮ್ಯಾಟ್ ಹಾಕಿ, ಇಬ್ಬರು ಶಿಕ್ಷಕರನ್ನು ನಿಲ್ಲಿಸಿದರೆ ಆ ಅಪಾಯ ತೀರಾ ಕಡಿಮೆ.

ಪತ್ರ ಕೊಟ್ಟು ಹದಿನೈದು ದಿನ ಕಳೆದರೂ ಬೀಗ ಅಲ್ಲೇ ಇದ್ದರೆ, ಆಗ ಅಧಿಕಾರಿಗಳ ಬಳಿ ಹೋಗಿ. ಬಸ್ಸಿನಲ್ಲಿ ಮಕ್ಕಳನ್ನು ನಿಲ್ಲಿಸಿಕೊಂಡು ಹೋಗುತ್ತಿದ್ದರೆ, ಡ್ರೈವರ್ ಓಡಿಸುವಾಗ ಫೋನಿನಲ್ಲಿ ಮಾತಾಡುತ್ತಿದ್ದರೆ ಹದಿನೈದು ದಿನವೂ ಕಾಯಬೇಡಿ, ಬೇರೆ ವ್ಯವಸ್ಥೆ ನೋಡಿಕೊಳ್ಳಿ.

ಮಕ್ಕಳಿಗೆ ಏನು ಹೇಳಬೇಕು ಅಂತ ನೀವು ಕೇಳಿಲ್ಲ, ಆದರೆ ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಬೇಗ ಫಲ ಕೊಡುತ್ತದೆ. ಮಗನಿಗೆ ಬೆಂಕಿಯ ಕತೆ ಬೇಡ. ಅಟೆಂಡರ್ ಹೇಳಿದಾಗ ಬ್ಯಾಗು ಬಿಟ್ಟು ಏಳಬೇಕು, ಮುಂದಿನವರನ್ನು ತಳ್ಳಬಾರದು, ಇಳಿದ ಮೇಲೆ ಅಕ್ಕನನ್ನು ಹುಡುಕಿ ವಾಪಸು ಬಸ್ ಹತ್ತಬಾರದು. ಕೊನೆಯದನ್ನು ಮತ್ತೆ ಮತ್ತೆ ಹೇಳಿ. ಒಡಹುಟ್ಟಿದವರು ಒಂದೇ ಬಸ್ಸಿನಲ್ಲಿದ್ದಾಗ ಒಬ್ಬರನ್ನೊಬ್ಬರು ಹುಡುಕಿಕೊಂಡು ಒಳಗೆ ಹೋಗುವುದು ಸಹಜ, ಅದೇ ಅಪಾಯ. ಇಬ್ಬರೂ ಸೇರುವ ಜಾಗ ತಲೆ ಎಣಿಕೆಯ ಜಾಗ ಅಂತ ಇಬ್ಬರಿಗೂ ಗೊತ್ತಿರಲಿ.

ಮಗಳು ದೊಡ್ಡವಳು, ಅವಳಿಗೆ ಜಾಸ್ತಿ ಹೇಳಬಹುದು. ಗಾಳಿಯ ಒತ್ತಡದಿಂದ ತೆರೆಯುವ ಮುಂದಿನ ಬಾಗಿಲಾದರೆ ಅದರ ಹತ್ತಿರ ಒಂದು ಕೆಂಪು ಗುಂಡಿ ಅಥವಾ ವಾಲ್ವ್ ಇರುತ್ತದೆ. ತಿರುಗಿಸಿದರೆ ಗಾಳಿ ಹೊರಗೆ ಹೋಗುತ್ತದೆ, ಆಮೇಲೆ ಬಾಗಿಲನ್ನು ಕೈಯಿಂದಲೇ ತಳ್ಳಬಹುದು. ಹ್ಯಾಂಡ್ ಬ್ರೇಕ್ ಎಲ್ಲಿದೆ, ಎಂಜಿನ್ ಆಫ್ ಮಾಡುವುದು ಹೇಗೆ, ಇದೂ ತಿಳಿದಿರಲಿ. 2023ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡ್ರೈವರಿಗೆ ಪ್ರಜ್ಞೆ ತಪ್ಪಿದಾಗ ಏಳನೇ ತರಗತಿಯ ಹುಡುಗನೊಬ್ಬ ಸೀಟಿನಿಂದ ಎದ್ದು ಹೋಗಿ ಸ್ಟಿಯರಿಂಗ್ ಹಿಡಿದು ಬ್ರೇಕ್ ಒತ್ತಿ ಬಸ್ ನಿಲ್ಲಿಸಿದ. ಡ್ರೈವರ್ ಏನು ಮಾಡುತ್ತಾರೆ ಅಂತ ದಿನಾ ಗಮನಿಸುತ್ತಿದ್ದದ್ದೇ ಅವನ ತರಬೇತಿ. ನಿಮ್ಮ ಮಗಳದ್ದೂ ಅದೇ ತರಗತಿ.

ಹಿಂದಿನ ಬಾಗಿಲನ್ನು ಅವಳ ಕೈಯಿಂದಲೇ ಒಮ್ಮೆ ತೆಗೆಸಿ ನೋಡಿ, ಬಸ್ ನಿಂತಿರುವಾಗ, ಡ್ರೈವರ್ ಎದುರಿಗೇ. ಅಮೆರಿಕದ ನಿಯಮದಲ್ಲಿ ತುರ್ತು ಬಾಗಿಲ ಹಿಡಿಕೆಗೆ ಬೇಕಾಗುವ ಬಲ 178 ನ್ಯೂಟನ್ ಮೀರಬಾರದು, ಅಂದರೆ ಸುಮಾರು 18 ಕೆಜಿ ಎತ್ತುವಷ್ಟು. ಅವಳು ಎರಡೂ ಕೈ ಹಾಕಿ ಎಳೆದರೂ ಹಿಡಿಕೆ ತಿರುಗದಿದ್ದರೆ, ಶಾಲೆಗೆ ಕೊಡುವ ಪತ್ರದಲ್ಲಿ ಅದನ್ನೂ ಒಂದು ಸಾಲು ಸೇರಿಸಿ.